ಹಲಗೆಯ ಮೇಲಿನ ಹೆಸರು

ಕರಿಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆದು ಮುಕುಂದಯ್ಯ ಮೇಷ್ಟರು ಮೊದಲನೆಯದಕ್ಕೆ ಬೆತ್ತ ತಾಗಿಸಿದರು. "ಇದನ್ನ ಓದಮ್ಮ. ಓದಿ, ಕ್ರಿಯಾಪದ ಯಾವ ಬಗೆಯದು ಹೇಳು." ಪ್ರಭಾವತಿ ಹಲಗೆ ನೋಡಿ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮುಖ ಕೆಂಪೇರಿತು.

ಬಾಗಿಲ ಪಕ್ಕ ಕೂತಿದ್ದ ಅತ್ತೆ ಚಂದ್ರಮತಿ ಕತ್ತು ಮುಂದೆ ಚಾಚಿದಳು. ಕೋಣಂದೂರಿನ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿ ಬೇಕಾಗಿತ್ತು. ತೀರ್ಥಹಳ್ಳಿಯ ಈ ಪರೀಕ್ಷೆ ಗೆದ್ದರೆ ಆ ಕೆಲಸ ಸೊಸೆಗೆ, ಸೋತರೆ ಶಿವಮೊಗ್ಗದಿಂದ ಬರುವ ಇನ್ಯಾರಿಗೋ. ಮನೆಯ ಗಂಡಸರನ್ನು ಒಪ್ಪಿಸಿ, ಗಾಡಿ ಕಟ್ಟಿಸಿ ಕರೆತಂದವಳು ತಾನೇ.

ಸೊಸೆಗೆ ಪಾಠ ಬಾರದೆಂದರೆ ಅವಳು ನಂಬುವವಳಲ್ಲ. ಆರು ತಿಂಗಳು ರುಬ್ಬುಗಲ್ಲಿನ ಮುಂದೆ ಪ್ರಭಾವತಿ ಪಾಠ ಒಪ್ಪಿಸಿದ್ದು ಅತ್ತೆಗೇ. ಓಡು, ಮಲಗು ಎಂಬಂಥವು ತಮ್ಮಷ್ಟಕ್ಕೆ ತಾವು. ತಿನ್ನು, ಹೊರು ಎಂಬಂಥವಕ್ಕೆ 'ಏನನ್ನು?' ಎಂದು ಕೇಳಿದರೆ ಉತ್ತರ ಸಿಗಬೇಕು. ಇನ್ನು ಆ 'ಈಸ್', 'ಹ್ಯಾಸ್'ಗಳು ಮದುವೆಮನೆಗೆ ಬಡಿಸಲು ಬಂದ ನೆರೆಯವರಿದ್ದಂತೆ, ಇನ್ನೊಬ್ಬರ ಕೆಲಸಕ್ಕೆ ನೆರವು. ಅಕ್ಷರ ಅರಿಯದ ಚಂದ್ರಮತಿಗೂ ಇಷ್ಟು ಬಾಯಿಗೆ ಬಂದಿತ್ತು.

"ಗೊತ್ತಿಲ್ಲ ಅಂತ ಬರ್ಕೊಳ್ಳಲಾ?" ಎಂದರು ಮೇಷ್ಟರು.

"ತಾಳಿ ಮೇಷ್ಟ್ರೇ," ಎಂದು ಚಂದ್ರಮತಿ ಎದ್ದು ಸೊಸೆಯ ಹತ್ತಿರ ಹೋದಳು. "ಎಂತ ಆಯ್ತೇ? ಎಂತ ಬರ್ದಿದಾರೆ ಅಲ್ಲಿ?"

"ಇವರ ಹೆಸರು ಅತ್ತೆ," ಪ್ರಭಾವತಿ ಪಿಸುಗುಟ್ಟಿದಳು. "ಮೂರರಲ್ಲೂ."

ಚಂದ್ರಮತಿಗೆ ನಗು ತಡೆಯಲಿಲ್ಲ. "ನೀವು ಬರ್ದಿದ್ದು ಇವಳ ಗಂಡನ ಹೆಸರಂತೆ! ಹೆಂಗೆ ಹೇಳ್ತಾಳೆ ಪಾಪ?"

ಮೇಷ್ಟರು ಪೆಚ್ಚಾದರು. "ಜೈನರ ಮನೆ ಹುಡುಗಿ, ಹೆದರೋದು ಬೇಡ ಅಂತ ನಿಮ್ಮ ಕಡೆ ಹೆಸರೇ ಹಾಕ್ದೆ ಕಣಮ್ಮ. ಅಳಿಸಿ ಬೇರೆ ಬರೀತೀನಿ." ಬಟ್ಟೆ ಕೈಗೆತ್ತಿಕೊಂಡರು.

"ಅಯ್ಯಯ್ಯೋ, ಹೆಂಡ್ತಿ ಕಣ್ಣೆದುರಿಗೇ ಗಂಡನ ಹೆಸರು ಅಳಿಸ್ತೀರಾ! ಹೆಸರಿಟ್ಟವಳು ನಾನು, ನಾನೇ ಹೇಳ್ತೀನಿ. ಮುಂದಿಂದು ಅವಳು ಹೇಳ್ಲಿ."

"ಜಯಕೀರ್ತಿ," ಎಂದಳು ಅತ್ತೆ.

"ಸ್ಲೀಪ್ಸ್. ಅಕರ್ಮಕ," ಎಂದಳು ಸೊಸೆ.

"ಜಯಕೀರ್ತಿ."

"ಈಟ್ಸ್ ಎ ಮ್ಯಾಂಗೋ. ಏನನ್ನು? ಮಾವಿನಹಣ್ಣನ್ನು. ಸಕರ್ಮಕ."

"ಜಯಕೀರ್ತಿ."

"ಈಸ್ ಲಾಫಿಂಗ್. ಈಸ್ ಅನ್ನೋದು ಸಹಾಯಕ." ಅಷ್ಟರಲ್ಲಿ ಮೇಷ್ಟರೂ ನಗುತ್ತಿದ್ದರು. "ಪಾಸು ಕಣಮ್ಮ, ಇಬ್ರೂ ಪಾಸು," ಎಂದು ರಿಜಿಸ್ಟರು ತೆರೆದರು. "ಜೊತೆಗೆ ಬಂದವರ ಹೆಸರು?"

"ಚಂದ್ರಮತಿ."

"ಯಜಮಾನರ ಹೆಸರು?"

ಚಂದ್ರಮತಿ ತುಟಿ ಬಿಗಿದು ಸೊಸೆಯತ್ತ ನೋಡಿದಳು. ಮಾವನ ಹೆಸರನ್ನು ಸೊಸೆಯೂ ಹೇಳುವಂತಿಲ್ಲ. ಲೇಖನಿಯ ಮಸಿ ಒಣಗುತ್ತಾ ಬಂತು. ಆಗ ಪ್ರಭಾವತಿ ಕೈ ಚಾಚಿ ಲೇಖನಿ ಇಸಿದುಕೊಂಡಳು. "ಹೇಳಬಾರ್ದು ಅಂತ ಇದೆ, ಅತ್ತೆ. ಬರೀಬಾರ್ದು ಅಂತ ಯಾರೂ ಹೇಳ್ಲಿಲ್ವಲ್ಲ," ಎಂದು ಕನ್ನಡದಲ್ಲಿ ದುಂಡಗೆ ಬರೆದಳು.

ಚಂದ್ರಮತಿ ಬಗ್ಗಿ ಆ ಹಸಿ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

"ಇಷ್ಟೇನಾ ಇವರ ಹೆಸರು?" ಎಂದಳು. "ನಲವತ್ತು ವರ್ಷದಿಂದ ನನ್ನ ಬಾಯಲ್ಲಿ ಹಿಡಿಸ್ತಿರಲಿಲ್ಲ."