ಹುಲ್ಲಿನೊಳಗಿನ ಕಾವು

ಹಣ್ಣಿನಂಗಡಿಯಲ್ಲಿ ಒಣಹುಲ್ಲಿನ ಅಡಿಯಿಂದ ರಸಪುರಿ ಮಾವಿನ ವಾಸನೆ ಬಂದರೆ ಈಗಲೂ ನನ್ನ ದನಿ ತಾನಾಗಿ ತಗ್ಗುತ್ತದೆ.

ಯಲ್ದೂರಿನ ಅಜ್ಜಿಮನೆಯ ಪಡಸಾಲೆಯಲ್ಲಿ, ನಾನು ಚಿಕ್ಕವಳಿದ್ದಾಗ, ಒಂದು ಮಧ್ಯಾಹ್ನ ಚಿಕ್ಕಮ್ಮ ನನಗೆ ಅಲಂಕಾರಗಳನ್ನು ಹೇಳಿಕೊಡುತ್ತಿದ್ದಳು. ಮುಖ ಚಂದ್ರನಂತಿದೆ ಅಂದರೆ ಉಪಮೆ, ಮುಖವೇ ಚಂದ್ರ ಅಂದರೆ ರೂಪಕ. ಬಾಯಿಪಾಠವೇನೋ ಆಗಿತ್ತು. ಆದರೆ ಒಂದು ಮುಖ ಚಂದ್ರನೇ ಆಗಿಬಿಡುವುದು ಹೇಗೆಂದು ನನ್ನ ತಲೆಗೆ ಹತ್ತಿರಲಿಲ್ಲ. ಸಿಟ್ಟು ಬಂದು ಪುಸ್ತಕ ಎಸೆದೆ. ಅದು ಹೋಗಿ ಮೂಲೆಕೋಣೆಯ ಬಾಗಿಲಿಗೆ ಬಡಿಯಿತು.

ಆ ಕೋಣೆಯಲ್ಲಿ ಮಾವಿನಕಾಯಿಗಳನ್ನು ಹಣ್ಣಾಗಲೆಂದು ಹುಲ್ಲಿನಲ್ಲಿ ಮುಚ್ಚಿ ಅಡೆ ಹಾಕಿದ್ದರು. ಅಜ್ಜಿ ಒಳಗಿನಿಂದ ಇಣುಕಿದಳು.

"ಏನೇ ಅದು ಸದ್ದು? ಮಕ್ಕಳು ಮಲ್ಗವೆ."

"ಕಾಯಿಗಳು ಮಕ್ಕಳ ಹಂಗಾ ಅಜ್ಜಿ?"

"ಹಂಗೂ ಇಲ್ಲ, ಹಿಂಗೂ ಇಲ್ಲ. ಮಕ್ಕಳೇ ಕಣೇ. ಕೈ ತೊಳ್ಕೊಂಡು ಬಾ."

ಒಳಗೆ ಕತ್ತಲು. ಅಜ್ಜಿ ನನ್ನ ಕೈ ಹಿಡಿದು ಹುಲ್ಲಿನೊಳಕ್ಕೆ ಇಳಿಸಿದಳು. ಬೆಚ್ಚಗಿತ್ತು! ಬಿಸಿಲು ಬರಲು ಅಲ್ಲಿ ಕಿಟಕಿಯೇ ಇರಲಿಲ್ಲ, ಬೆಂಕಿಯನ್ನು ಯಾರೂ ಹಚ್ಚಿರಲಿಲ್ಲ. ಆ ಕಾವು ಕಾಯಿಗಳದೇ. ಅಜ್ಜಿ ಒಂದು ಕಾಯಿಯನ್ನು ಮೆತ್ತಗೆ ಮಗ್ಗುಲು ಬದಲಿಸಿ, ಮತ್ತೆ ಹುಲ್ಲು ಹೊದಿಸಿದಳು. ನಾನು ಉಸಿರು ಬಿಗಿಹಿಡಿದು ಕೂತೆ.

ಹೊರಗಿನಿಂದ ಚಿಕ್ಕಮ್ಮ ಕೂಗಿದಳು. "ಲೇ, ರೂಪಕ ಅಂದ್ರೇನು ಹೇಳೇ!"

ನಾನು ಬಾಗಿಲ ಸಂದಿಗೆ ಬಂದು ತುಟಿಯ ಮೇಲೆ ಬೆರಳಿಟ್ಟೆ.

"ಮೆಲ್ಲಗೆ ಚಿಕ್ಕಮ್ಮ, ಎದ್ಬಿಡ್ತಾವೆ."