ಏಟಿನ ಹದ

ನಮ್ಮ ಕಚೇರಿಯ ಹಳೆಯ ಕಂಪ್ಯೂಟರ್ ಎಡಮಗ್ಗುಲಿಗೆ ಒಂದು ಏಟು ಬಿದ್ದರೆ ಮಾತ್ರ ಶುರುವಾಗುತ್ತಿತ್ತು. ಹದಿನೆಂಟು ವರ್ಷಗಳಿಂದ ಆ ಏಟಿನ ಹದ ಗೊತ್ತಿದ್ದದ್ದು ಅಟೆಂಡರ್ ಚೆನ್ನಾಜಮ್ಮನವರಿಗೆ ಮಾತ್ರ. ಬೇರೆಯೇ ಜಾತಿಯ ಪ್ರೊಸೆಸರ್ ಇರುವ ಹೊಸ ಕಂಪ್ಯೂಟರ್ ಬಂದ ದಿನ ಅವರ ಮುಖ ಬಾಡಿತು.

"ಸಾರ್, ಇನ್ಮೇಲೆ ನನ್ನ ಕೆಲಸ?"

ಮ್ಯಾನೇಜರ್ ನೆಲ ನೋಡಿದರು. "ಈ ತಿಂಗಳು ಮುಗಿಸ್ಕೊಂಡು ಹೋಗಿ, ಚೆನ್ನಾಜಮ್ಮ."

ಹೊಸ ಕಂಪ್ಯೂಟರ್ ಜೋಡಿಸಲು ಬಂದಿದ್ದ ಇಂಜಿನಿಯರ್ ಮಾತ್ರ ಭಾರಿ ಹುರುಪಿನಲ್ಲಿದ್ದ. "ನಿಮ್ಮ ಹಳೇ ಪ್ರೋಗ್ರಾಮು ಈ ಪ್ರೊಸೆಸರ್‌ಗೆ ಅರ್ಥ ಆಗಲ್ಲ ಸಾರ್. ಅದಕ್ಕೇ ಥೇಟ್ ಹಳೇ ಮೆಷಿನ್ ಥರಾನೇ ನಡ್ಕೊಳ್ಳೋಕೆ ಇದಕ್ಕೆ ಕಲಿಸಿಬಿಟ್ಟಿದ್ದೀನಿ. ಒಂದು ಗುಣಾನೂ ಬಿಟ್ಟಿಲ್ಲ."

ಸ್ವಿಚ್ ಹಾಕಿದ. ಪರದೆ ಕಪ್ಪಗೇ ಉಳಿಯಿತು.

"ಒಂದು ಗುಣಾನೂ ಬಿಟ್ಟಿಲ್ವಾ?" ನಾನು ಅಳುಕುತ್ತಲೇ ಕೇಳಿದೆ.

ಇಂಜಿನಿಯರ್ ಬೆವರು ಒರೆಸಿಕೊಂಡು ಕಂಪ್ಯೂಟರಿನ ಎಡಮಗ್ಗುಲಿಗೆ ಒಂದು ಕೊಟ್ಟ. ಏನೂ ಆಗಲಿಲ್ಲ. ಮ್ಯಾನೇಜರ್ ತಾವೇ ಎದ್ದುಬಂದು, ಅಂಗಿಯ ತೋಳು ಮಡಚಿ, ಜೋರಾಗಿ ಬಾರಿಸಿದರು.

ಪರದೆ ಬೆಳಗಿತು. ಒಂದೇ ಒಂದು ಸಾಲು ಮೂಡಿತು: "ದಯವಿಟ್ಟು ಚೆನ್ನಾಜಮ್ಮನವರನ್ನು ಕರೆಯಿರಿ."