ಕಾಲ ಕೆಳಗಿನ ಸದ್ದು

ಮಾಜಿ ಸೈನಿಕರ ಗೌರವಕ್ಕೆಂದು ಊರಿನವರು ಏರ್ಪಡಿಸಿದ್ದ ಗುಡ್ಡದ ಓಟದಲ್ಲಿ ನಿವೃತ್ತ ಸುಬೇದಾರ ಲಗಮಪ್ಪ ಮಗಳು ಕಸ್ತೂರಿಯ ಜೊತೆ ಓಡುತ್ತಿದ್ದರು. ಕಾಲುದಾರಿಯ ತಿರುವಿನಲ್ಲಿ ಅವರ ಬೂಟಿನಡಿ ‘ಟಕ್’ ಎಂದಿತು. ಅವರು ನಿಂತಲ್ಲೇ ನಿಂತುಬಿಟ್ಟರು.

“ದೂರ ಸರಿ! ಕಾಲ ಕೆಳಗ ಮೈನ್ ಹುಗದಾರ. ಎತ್ತಿದ್ರ ಸಿಡಿತೈತಿ.”

“ಅಪ್ಪಾ, ಇದು ನಮ್ಮೂರ ಗುಡ್ಡ. ಇಲ್ಲೆಲ್ಲಿ ಮೈನ್?”

“ಇಬ್ರೂ ಸಾಯ್ತೀವಿ. ಹೋಗು!”

ಅರ್ಧ ಗಂಟೆಯಾಯಿತು. ಅವರ ತೊಡೆ ನಡುಗತೊಡಗಿತ್ತು. ಎಳೆಯಲು ಬಂದವರನ್ನೆಲ್ಲ ಅವರು ಕಿರುಚಿ ಓಡಿಸಿದರು. ಕೊನೆಗೆ ಅವರದೇ ಪಲ್ಟನ್ನಿನಲ್ಲಿದ್ದ ಹವಾಲ್ದಾರ ಫಕೀರಪ್ಪ ಹಿಂದಿನಿಂದ ಕುಂಟುತ್ತ ಬಂದರು.

“ಕಾಕಾ, ಏನೂ ಇಲ್ಲಂತ ನೀವಾದ್ರೂ ಹೇಳ್ರಿ,” ಎಂದು ಕಸ್ತೂರಿ ಅತ್ತಳು.

ಫಕೀರಪ್ಪ ಒಮ್ಮೆ ಸುಬೇದಾರರ ಮುಖ ನೋಡಿದರು. “ನೀ ಇಪ್ಪತ್ತು ಹೆಜ್ಜಿ ಹಿಂದಕ್ಕ ಹೋಗವ್ವಾ,” ಎಂದವರೇ ಬೋರಲು ಮಲಗಿ, ಬೂಟಿನ ಸುತ್ತಲಿನ ಮಣ್ಣನ್ನು ಬೆರಳಿನಿಂದ ಬಿಡಿಸತೊಡಗಿದರು. ಹಣೆಯ ಬೆವರು ಮಣ್ಣಿಗೆ ತೊಟ್ಟಿಕ್ಕಿತು.

“ಅಲುಗಾಡಬ್ಯಾಡ್ರಿ ಸಾಹೇಬ್ರ. ಇನ್ನೊಂದೀಟು... ಆತು, ಪಿನ್ ಹಾಕೀನಿ. ಇನ್ನ ಸಿಡ್ಯಾಂಗಿಲ್ಲ, ಕಾಲ ಎತ್ರಿ.”

ಸುಬೇದಾರರು ಕಾಲೆತ್ತಿ, ಓಡಿಬಂದ ಮಗಳ ಹೆಗಲ ಮೇಲೆ ಕುಸಿದು ಬಿಕ್ಕಿದರು.

ಫಕೀರಪ್ಪ ಬೂಟಿನಡಿ ಸಿಕ್ಕ ತುಕ್ಕು ಹಿಡಿದ ಸೋಡಾ ಮುಚ್ಚಳವನ್ನು ಯಾರಿಗೂ ಕಾಣದಂತೆ ಮುಷ್ಟಿಯೊಳಗೆ ಹಿಡಿದುಕೊಂಡರು.